ಆಸ್ಪತ್ರೆ ಹತ್ತಿರವೇ ಇದ್ದರೂ ಫೋನಿನ ಡಾಕ್ಟರೇ ಯಾಕೆ?

ಟೆಲಿಮೆಡಿಸಿನ್ ಬಗ್ಗೆ ಯಾರೇ ಭಾಷಣ ಮಾಡಲಿ, ಮೊದಲ ಐದು ನಿಮಿಷದೊಳಗೆ ಒಂದು ಗುಡ್ಡಗಾಡಿನ ಹಳ್ಳಿ ಬಂದೇ ಬರುತ್ತದೆ. ಅಲ್ಲಿ ರಸ್ತೆ ಇಲ್ಲ, ಬಸ್ಸಿಲ್ಲ, ಡಾಕ್ಟರು ಇಲ್ಲ. ಗುತ್ತೂರು ಆ ಭಾಷಣಕ್ಕೆ ಒಗ್ಗುವ ಊರಲ್ಲ. ಹರಿಹರದ ಮಗ್ಗುಲಲ್ಲೇ ಇದೆ. 400 ಕೆ.ವಿ. ವಿದ್ಯುತ್ ಸ್ವೀಕರಣಾ ಕೇಂದ್ರವೊಂದಕ್ಕೆ ತನ್ನ ಹೆಸರು ಕೊಟ್ಟ ಊರು ಅದು. ಹರಿಹರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಂದ ಹದಿನಾಲ್ಕು ಕಿಲೋಮೀಟರು ಹೋದರೆ ದಾವಣಗೆರೆ. ಬೆಣ್ಣೆದೋಸೆಯ ಊರು ಅಂತ ನಾವು ಹೊಗಳಿಕೊಂಡರೂ ಸುತ್ತಲಿನ ಜಿಲ್ಲೆಗಳವರಿಗೆ ಅದು ಮೊದಲು ಆಸ್ಪತ್ರೆಗಳ ಊರು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, 1965ರಲ್ಲಿ ಶುರುವಾದ ಜೆ.ಜೆ.ಎಂ. ಮೆಡಿಕಲ್ ಕಾಲೇಜು, ಆಮೇಲೆ ಬಂದ ಎಸ್.ಎಸ್. ಮೆಡಿಕಲ್ ಕಾಲೇಜು, ಇವುಗಳ ನಡುವೆ ಲೆಕ್ಕವಿಲ್ಲದಷ್ಟು ನರ್ಸಿಂಗ್ ಹೋಮುಗಳು.

ಇನ್ನೊಂದು ವಿಷಯವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಅಂದರೆ ಗುತ್ತೂರು, ಹರಿಹರದ ಕಡೆಯ ಹೆಂಗಸೊಬ್ಬರಿಗೆ ದೊಡ್ಡ ಡಾಕ್ಟರು ದೂರವೂ ಇಲ್ಲ, ಹೋಗುವ ಖರ್ಚೂ ಇಲ್ಲ. ದೂರ ಮತ್ತು ಬಸ್‌ಚಾರ್ಜು ಮಾತ್ರ ಕಾರಣವಾಗಿದ್ದರೆ ಇಂಥ ಕಡೆ ಟೆಲಿಮೆಡಿಸಿನ್ನಿಗೆ ಕೆಲಸವೇ ಇರಬಾರದಿತ್ತು. ಆದರೆ ಒಮ್ಮೆ ಫೋನಿನಲ್ಲೋ ವಿಡಿಯೊದಲ್ಲೋ ಡಾಕ್ಟರನ್ನು ಕಂಡವರಲ್ಲಿ ಒಂದು ಪಾಲು ಜನ ಅದನ್ನು ಬಿಡುವುದಿಲ್ಲ. ತಿಂಗಳು ತಿಂಗಳು, ವರ್ಷಗಟ್ಟಲೆ ಹಾಗೆಯೇ ಮುಂದುವರಿಯುತ್ತಾರೆ. ಇನ್ನೊಂದು ಪಾಲು ಒಂದೇ ಸಲಕ್ಕೆ ಕೈಬಿಡುತ್ತಾರೆ. ಈ ಎರಡು ಗುಂಪನ್ನು ಬೇರೆ ಮಾಡುವುದು ಏನು?

ದೂರದ ವಾದ ಸುಳ್ಳೆಂದು ನಾನು ಹೇಳುತ್ತಿಲ್ಲ. ಕರ್ನಾಟಕದಲ್ಲಿ ಈ ಕಥೆ ಶುರುವಾದದ್ದೇ ದೂರದಿಂದ. ಸುಮಾರು 2002ರ ಹೊತ್ತಿಗೆ ಇಸ್ರೊ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಆಗ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಎದೆನೋವೆಂದು ಬಂದವನ ಇಸಿಜಿ ಬೆಂಗಳೂರಿನ ಹೃದ್ರೋಗ ತಜ್ಞರ ಮುಂದೆ ಬೀಳುತ್ತಿತ್ತು. ಅದು ಜೀವ ಉಳಿಸುವ ಕೆಲಸ. ಆದರೆ ರೋಗಿಯ ಮಟ್ಟಿಗೆ ಅದು ಒಂದು ಸಲದ ಸಂಗತಿ. ಅವನು ಪರದೆಯ ಮುಂದೆ ಮತ್ತೆ ಮತ್ತೆ ಬಂದು ಕೂರಬೇಕಾಗಿರಲಿಲ್ಲ. ಮತ್ತೆ ಮತ್ತೆ ಬರುವ ರೋಗಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು ಕೋವಿಡ್ ಕಾಲದಲ್ಲಿ.

2020ರ ಮಾರ್ಚ್ 25ರಂದು, ದೇಶ ಬಾಗಿಲು ಹಾಕಿಕೊಂಡ ದಿನವೇ, ಟೆಲಿಮೆಡಿಸಿನ್ ನಡೆಸುವುದು ಹೇಗೆಂಬ ನಿಯಮಾವಳಿ ಹೊರಬಿತ್ತು. ಅಲ್ಲಿಯವರೆಗೆ ಫೋನಿನಲ್ಲಿ ಔಷಧ ಹೇಳುವುದು ಕಾನೂನಿನ ಮಬ್ಬು ಬೆಳಕಿನಲ್ಲೇ ನಡೆಯುತ್ತಿತ್ತು. ಏಪ್ರಿಲ್ 13ಕ್ಕೆ ಸರ್ಕಾರದ ಟೆಲಿಮೆಡಿಸಿನ್ ವೇದಿಕೆಯಾದ ಇ-ಸಂಜೀವಿನಿಯ ಹೊರರೋಗಿ ಸೇವೆ ಶುರುವಾಯಿತು. 2023ರ ಫೆಬ್ರವರಿಯಲ್ಲಿ ಇ-ಸಂಜೀವಿನಿ 10 ಕೋಟಿ ಸಮಾಲೋಚನೆಗಳನ್ನು ದಾಟಿದಾಗ ಕರ್ನಾಟಕದ್ದೇ ಒಂದು ಕೋಟಿಗೂ ಮೀರಿತ್ತು. ರಾಜ್ಯಗಳ ಸಾಲಿನಲ್ಲಿ ಆಗ ನಮ್ಮದು ನಾಲ್ಕನೆಯ ಸ್ಥಾನ. ಬಳಸಿದವರಲ್ಲಿ ನೂರಕ್ಕೆ 57 ಮಂದಿ ಹೆಂಗಸರು ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿತು.

ಸಂಖ್ಯೆ ದೊಡ್ಡದು. ಆದರೆ ಹತ್ತು ಮಂದಿ ಒಂದೊಂದು ಸಲ ಬಂದರೂ ಹತ್ತು, ಒಬ್ಬರೇ ಹತ್ತು ಸಲ ಬಂದರೂ ಹತ್ತು. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಎರಡಕ್ಕೂ ಅಜಗಜಾಂತರ. ಇಲಾಖೆಗಳಿಗೆ ಒಟ್ಟು ಮೊತ್ತದ ಮೇಲೆ ಇರುವ ಮೋಹ ಮರಳಿ ಬಂದವರ ಲೆಕ್ಕದ ಮೇಲಿಲ್ಲ ಎಂಬುದು ನನ್ನ ದೂರು.

ಹೋಗುವುದಕ್ಕೆ ಆಗುವ ಖರ್ಚನ್ನು ಈಗ ಸರಿಯಾಗಿ ಲೆಕ್ಕ ಹಾಕೋಣ. ಬಿಪಿ, ಶುಗರ್ ಎರಡೂ ಇರುವ, ಹೊಲದ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದಿಟ್ಟು, ಬಸ್ಸು ಹಿಡಿದು ಆಸ್ಪತ್ರೆಗೆ ಬಂದರೆ ಮೊದಲು ಚೀಟಿ ಮಾಡಿಸುವ ಸಾಲು. ಆಮೇಲೆ ಬಿಪಿ ನೋಡಿಸುವ ಸಾಲು. ಡಾಕ್ಟರು ರೌಂಡ್ಸಿಗೆ ಹೋಗಿದ್ದರೆ ಬೆಂಚಿನ ಮೇಲೆ ಕಾಯುವುದು. ರಕ್ತ ಕೊಟ್ಟರೆ ರಿಪೋರ್ಟಿಗೆ ಕಾಯುವುದು. ಕೊನೆಗೆ ಗುಳಿಗೆ ಕೊಡುವ ಕಿಟಕಿಯ ಮುಂದೆ ಇನ್ನೊಂದು ಸಾಲು. ಮನೆ ಮುಟ್ಟುವಾಗ ಹೊತ್ತು ಇಳಿದಿರುತ್ತದೆ. ಡಾಕ್ಟರ ಜೊತೆ ಮಾತಾಡಿದ್ದು ಮೂರೋ ನಾಲ್ಕೋ ನಿಮಿಷ. ಅದರಲ್ಲೂ ಅವರು ಹೇಳಿದ್ದು, "ಅದೇ ಗುಳಿಗೆ ಮುಂದುವರಿಸ್ರಿ."

ಟಿಕೆಟ್ಟಿಗೆ ದುಡ್ಡಿಲ್ಲದಿದ್ದರೂ ಅಂದಿನ ಕೂಲಿ ಹೋಯಿತು. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅದನ್ನೇ ಅಳತೆಯಾಗಿ ಇಟ್ಟುಕೊಂಡರೆ, ಜೊತೆಗೆ ಮಗನೋ ಸೊಸೆಯೋ ಬಂದರೆ ದಿನಕ್ಕೆ 740. ತಿಂಗಳಿಗೊಮ್ಮೆಯಂತೆ ವರ್ಷಕ್ಕೆ 8,880 ರೂಪಾಯಿ. ಪುಕ್ಕಟೆ ಗುಳಿಗೆ, ಪುಕ್ಕಟೆ ಬಸ್ಸು, ಪುಕ್ಕಟೆ ಡಾಕ್ಟರಿಗೆ ತೆರುವ ಬೆಲೆ ಇದು. ಭದ್ರಾ ನಾಲೆಯ ನೀರು ಕೊನೆ ಭಾಗದ ಹರಿಹರ ತಾಲ್ಲೂಕಿಗೆ ಬಂದು ನಾಟಿ ಶುರುವಾದ ವಾರಗಳಲ್ಲಿ ಯಾರೂ ಆ ಬೆಲೆ ತೆರುವುದಿಲ್ಲ. ಗುಳಿಗೆ ತಪ್ಪಿಸುತ್ತಾರೆ. ಬಿಪಿ ಏರಿದ್ದು ಯಾರಿಗೂ ಕಾಣುವುದಿಲ್ಲ. ಮುಂದೊಂದು ದಿನ ಕೈಕಾಲು ಬಿದ್ದಾಗ ಕಾಣುತ್ತದೆ.

ಫೋನಿನ ಡಾಕ್ಟರು ಉಳಿಸಿಕೊಡುವುದು ಈ ದಿನವನ್ನು. ಹದಿನಾಲ್ಕು ಕಿಲೋಮೀಟರು ಅಂಥ ದೂರವೇನಲ್ಲ, ಹದಿನಾಲ್ಕು ಕಿಲೋಮೀಟರಿಗೆ ಒಂದು ದಿನ ಹಿಡಿಯುತ್ತದಲ್ಲ, ತೊಂದರೆ ಅದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ, ರಕ್ತದೊತ್ತಡ ಇರುವವರು 31 ಕೋಟಿಗೂ ಹೆಚ್ಚು. ಇವರಲ್ಲಿ ಬಹುತೇಕರದು ವಾಸಿಯಾಗಿ ಮುಗಿಯುವ ಕಾಯಿಲೆಯಲ್ಲ, ಜೀವನಪೂರ್ತಿ ಡಾಕ್ಟರ ಸಂಪರ್ಕ ಬೇಕು. ಅಷ್ಟು ಜನ ತಿಂಗಳಿಗೊಂದು ದಿನ ಬೆಂಚಿನ ಮೇಲೆ ಕೂತರೆ ನಾಡಿನ ಬೆಂಚೂ ಸಾಲದು, ನಾಡಿನ ದಿನಗಳೂ ಸಾಲವು.

ದಿನ ಉಳಿಯುತ್ತದೆ ಎಂಬುದಷ್ಟೇ ಸಾಕಾಗಿದ್ದರೆ ಒಮ್ಮೆ ಬಳಸಿದವರೆಲ್ಲ ಉಳಿಯಬೇಕಿತ್ತು. ಹಾಗಾಗುವುದಿಲ್ಲ. ಇಲ್ಲಿ ಕಂಪ್ಯೂಟರ್ ಲೋಕದ ಒಂದು ಹಳೆಯ ಸಂಶೋಧನೆ ನೆರವಿಗೆ ಬರುತ್ತದೆ. 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಅಮೆರಿಕದ ವಿದ್ವಾಂಸರು, ಹೊಸ ತಂತ್ರಜ್ಞಾನವನ್ನು ಜನ ಒಪ್ಪಿಕೊಳ್ಳುವುದು ಉಪಯೋಗಕ್ಕೆ ಬರುತ್ತದೆ, ಬಳಸಲು ಸುಲಭ ಎಂದು ಅನ್ನಿಸಿದಾಗ ಎಂದು ತೋರಿಸಿದ್ದರು. ಅದು ಮೊದಲ ಸಲದ ವಿವರಣೆ. ಎರಡನೆಯ, ಇಪ್ಪತ್ತನೆಯ ಸಲದ ಪ್ರಶ್ನೆಯನ್ನು 2001ರಲ್ಲಿ ಎತ್ತಿಕೊಂಡವರು ಅನೋಲ್ ಭಟ್ಟಾಚಾರ್ಜಿ. ಆನ್‌ಲೈನ್ ಬ್ಯಾಂಕಿಂಗ್ ಬಳಸುವವರನ್ನು ಅವರು ವಿಚಾರಿಸಿದ್ದರು. ಬಳಸುವ ಮುಂಚೆ ಏನು ನಿರೀಕ್ಷಿಸಿದ್ದರೋ, ಬಳಸಿದ ಮೇಲೆ ಅದು ನಿಜವಾಯಿತೇ ಎಂಬುದರಿಂದ ತೃಪ್ತಿ ಹುಟ್ಟುತ್ತದೆ, ಆ ತೃಪ್ತಿಯೇ ಮುಂದುವರಿಸುವಂತೆ ಮಾಡುತ್ತದೆ ಎಂಬುದು ಅವರು ಕಂಡುಕೊಂಡದ್ದು. ಟೆಲಿಮೆಡಿಸಿನ್ ರೋಗಿಗಳು ಯಾಕೆ ಉಳಿಯುತ್ತಾರೆ ಎಂದು ಕೇಳುವ ಅಧ್ಯಯನಗಳಲ್ಲಿ ಇಂದಿಗೂ ಇವರಿಬ್ಬರ ಚೌಕಟ್ಟು ಕಾಣುತ್ತದೆ.

ನಮ್ಮ ಕಡೆ ಡಾಕ್ಟರ ಹತ್ತಿರ ಹೋಗುವವರ ನಿರೀಕ್ಷೆ ಏನು? ಜ್ವರ ಬಂದರೆ "ಹೋಗಿ ಒಂದು ಸೂಜಿ ಮಾಡಿಸ್ಕೊಂಡು ಬರ್ತೀನಿ" ಎಂದೇ ಜನ ಹೊರಡುತ್ತಾರೆ. ಸೂಜಿ ಚುಚ್ಚದ, ಎದೆಗೆ ಸ್ಟೆತಸ್ಕೋಪ್ ಇಡದ ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂಬ ಭಾವನೆ ಇನ್ನೂ ಹೋಗಿಲ್ಲ. ಪರದೆಯ ಡಾಕ್ಟರು ಸೂಜಿ ಚುಚ್ಚಲಾರರು. ಹಾಗಾಗಿ ಜ್ವರ, ಹೊಟ್ಟೆನೋವು, ಕೆಮ್ಮಿನವರು ಒಂದು ಸಲ ಬಂದು ಬೇಸರಪಟ್ಟು ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆ. ಉಳಿಯುವವರು ಸೂಜಿಯನ್ನು ನಿರೀಕ್ಷಿಸದವರು. ಕಾಯಿಲೆ ಯಾವುದೆಂದು ಅವರಿಗೆ ಗೊತ್ತು, ಗುಳಿಗೆಯ ಬಣ್ಣ ಗೊತ್ತು, ಅಳತೆ ಸರಿಯಿದೆಯೇ ಎಂದು ಒಬ್ಬರು ಹೇಳಿದರೆ ಸಾಕು. ಆ ಮಾತು ಪರದೆಯ ಮೇಲೂ ಪೂರಾ ಸಿಗುತ್ತದೆ. ಎಲ್ಲ ಕಾಯಿಲೆಗೂ ಮನೆಯಲ್ಲೇ ಮದ್ದು ಎಂದು ಜಾಹೀರಾತು ಕೊಡುವ ಆ್ಯಪ್‌ಗಳು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವುದು ಇದಕ್ಕೇ. ನಿರೀಕ್ಷೆ ಏರಿಸಿದಷ್ಟೂ ಬಿಟ್ಟುಹೋಗುವವರು ಹೆಚ್ಚು.

ಆದರೆ ಬ್ಯಾಂಕಿಗೂ ಡಾಕ್ಟರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ದುಡ್ಡು ಕಳಿಸುವಾಗ ಆಚೆ ಯಾರಿದ್ದಾರೆ ಎಂಬುದು ನಮಗೆ ಬೇಕಿಲ್ಲ. ಡಾಕ್ಟರ ವಿಷಯದಲ್ಲಿ ಅದೇ ಮುಖ್ಯ. ದಾವಣಗೆರೆಯಂಥ ಕಡೆ ಅತ್ಯಂತ ಗಟ್ಟಿಯಾಗಿ ಬೇರುಬಿಟ್ಟಿರುವ ಟೆಲಿಮೆಡಿಸಿನ್ ಯಾವ ಸರ್ಕಾರದ್ದೂ ಅಲ್ಲ, ಕಂಪನಿಯದೂ ಅಲ್ಲ. ಅದು ನಾವು ಮೊದಲೇ ತೋರಿಸಿಕೊಂಡು ಬಂದ ಡಾಕ್ಟರ ವಾಟ್ಸಾಪ್. "ಶುಗರ್ ಎಷ್ಟು ಬಂದೈತಿ? ರಿಪೋರ್ಟ್ ಫೋಟೊ ಹೊಡೆದು ಹಾಕ್ರಿ, ಸಂಜೆ ನೋಡ್ತೀನಿ" ಎನ್ನುವ ಡಾಕ್ಟರನ್ನು ಯಾವ ರೋಗಿಯೂ ಬಿಡುವುದಿಲ್ಲ. 2020ರ ನಿಯಮಾವಳಿ ವಾಟ್ಸಾಪನ್ನು ಹೆಸರಿಸಿಯೇ ಟೆಲಿಮೆಡಿಸಿನ್ನಿನ ಒಂದು ದಾರಿ ಎಂದು ಒಪ್ಪಿಕೊಂಡಿದೆ. ಈ ವಾಟ್ಸಾಪ್ ದಾರಿಯಲ್ಲಿ ಆಸ್ಪತ್ರೆಯ ದಾಖಲೆ ಉಳಿಯುವುದಿಲ್ಲ, ಎಷ್ಟೋ ಸಲ ಫೀಸೂ ಇರುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಫೋಟೊ ಬರುತ್ತದೆ. ಡಾಕ್ಟರು ಸುಸ್ತಾಗುತ್ತಾರೆ. ಆದರೂ ರೋಗಿ ಉಳಿಯುವುದು ಯಾವುದರಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಚೆ ಕಡೆಯವರಿಗೆ ನಮ್ಮ ಗುರುತು ಇರಬೇಕು. ಹೋದ ವರ್ಷ ಯಾವ ಗುಳಿಗೆ ಕೊಟ್ಟಾಗ ಕಾಲು ಬಾತಿತ್ತು ಎಂಬುದು ಅವರಿಗೆ ನೆನಪಿರಬೇಕು.

ಇ-ಸಂಜೀವಿನಿಯಲ್ಲಿ ಟೋಕನ್ ತೆಗೆದುಕೊಂಡರೆ ಆ ಹೊತ್ತಿಗೆ ಬಿಡುವಾಗಿರುವ ಡಾಕ್ಟರು ಸಿಗುತ್ತಾರೆ. ಒಂದು ಸಲಕ್ಕೆ ಅದು ಚೆನ್ನ. ಪ್ರತಿ ತಿಂಗಳೂ ಹೊಸಬರ ಮುಂದೆ ಹಳೆಯ ಕಥೆಯನ್ನು ಮೊದಲಿಂದ ಹೇಳಬೇಕು ಅಂದಾಗ ಅರವತ್ತು ದಾಟಿದವರು ಬೇಸರಪಡುತ್ತಾರೆ. ಆದರೂ ಇ-ಸಂಜೀವಿನಿಯ ಬಹುಪಾಲು ಸಮಾಲೋಚನೆ ನಡೆದದ್ದು ಮನೆಯಿಂದ ನೇರ ಕರೆಯಲ್ಲಲ್ಲ. ಊರಿನ ಆರೋಗ್ಯ ಕೇಂದ್ರದಲ್ಲಿ ಕೂತು, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ನಡೆದದ್ದು. ಆ ಹುದ್ದೆಯ ಹೆಸರು ಉದ್ದ, ಊರಿನವರ ಬಾಯಲ್ಲಿ ಹೆಚ್ಚಾಗಿ "ಸಿಸ್ಟರ್". ಪರದೆಯ ಡಾಕ್ಟರು ಬದಲಾದರೂ ಪಕ್ಕದಲ್ಲಿ ಕೂತ ಸಿಸ್ಟರ್ ಅವರೇ. ಬಿಪಿ ಪಟ್ಟಿ ಕಟ್ಟುವವರು ಅವರು, ಬೆರಳ ತುದಿ ಚುಚ್ಚುವವರು ಅವರು, "ಅಜ್ಜಿ ಈ ತಿಂಗಳು ಎಂಟು ದಿನ ಗುಳಿಗೆ ತಪ್ಪಿಸ್ಯಾರ ಸರ್" ಎಂದು ಚಾಡಿ ಹೇಳುವವರೂ ಅವರೇ. ಡಾಕ್ಟರು ಇಂಗ್ಲಿಷಿನಲ್ಲಿ ಅಂದದ್ದನ್ನು ಅಜ್ಜಿಯ ಮಾತಿಗೆ ತಿರುಗಿಸುವವರು, ಕಪಾಟಿನಿಂದ ಗುಳಿಗೆ ತೆಗೆದು ಕೈಗಿಡುವವರು. ಗುಳಿಗೆ ಕೈಗೆ ಬರುವ ತನಕ ರೋಗಿಯ ಲೆಕ್ಕದಲ್ಲಿ ಚಿಕಿತ್ಸೆ ನಡೆದಿಲ್ಲ. ಚೀಟಿ ಮೊಬೈಲಿಗೆ ಬಂತು, ಕೇಂದ್ರದಲ್ಲಿ ಆ ಗುಳಿಗೆ ಇಲ್ಲ ಎಂದಾದರೆ ಮುಂದಿನ ತಿಂಗಳು ಆ ರೋಗಿಯನ್ನು ಪರದೆಯ ಮುಂದೆ ಕಾಯಬೇಡಿ.

ನಡುವಿನ ಮನುಷ್ಯ ಎಷ್ಟು ಮುಖ್ಯ ಎಂಬುದಕ್ಕೆ ಕರ್ನಾಟಕದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ಪರದೆಯ ತಪಾಸಣೆಗೆ ಕಿಡ್ರಾಪ್ ಎಂಬ ಯೋಜನೆ ಶುರುಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ಕೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ, ಬೆಂಗಳೂರಿನ ತಜ್ಞರು ನೋಡುತ್ತಾರೆ. ಈ ತಪಾಸಣೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಕಣ್ಣಿನ ಪರದೆ ಪೂರ್ತಿ ಬಲಿಯುವವರೆಗೆ ಮತ್ತೆ ಮತ್ತೆ ಬರಬೇಕು. ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಂಡು ಅಷ್ಟು ಸಲ ಬೆಂಗಳೂರಿಗೆ ಹೋಗುವುದು ಆಗದ ಮಾತು. ತನ್ನ ಜಿಲ್ಲೆಯ ಆಸ್ಪತ್ರೆಗೆ ಬರಬಲ್ಲಳು. ಅಲ್ಲಿ ಅವಳ ಕೈಯಿಂದ ಕೂಸನ್ನು ಎತ್ತಿಕೊಳ್ಳಲು ಒಬ್ಬರು ಇರುತ್ತಾರೆ.

ಕಾಯಿಲೆಗಳಲ್ಲೆಲ್ಲ ಟೆಲಿಮೆಡಿಸಿನ್ ಅತಿ ಹೆಚ್ಚು ಉಳಿದುಕೊಂಡಿರುವುದು ಮನಸ್ಸಿನ ಕಾಯಿಲೆಗಳಲ್ಲಿ. ಅಮೆರಿಕದಲ್ಲೂ ಹೀಗೆಯೇ ಆಯಿತು. ಕೋವಿಡ್ ಇಳಿದ ಮೇಲೆ ಉಳಿದ ವಿಭಾಗಗಳ ರೋಗಿಗಳು ಬಹುಮಟ್ಟಿಗೆ ಆಸ್ಪತ್ರೆಗೆ ಮರಳಿದರು, ಮನೋವೈದ್ಯರ ರೋಗಿಗಳಲ್ಲಿ ಬಹಳ ಜನ ಪರದೆಯಲ್ಲೇ ಉಳಿದರು. ಇದರಲ್ಲಿ ಆಶ್ಚರ್ಯವಿಲ್ಲ. ಮನೋವೈದ್ಯರ ಕೆಲಸ ಬಹುಪಾಲು ಮಾತು ಮತ್ತು ಗುಳಿಗೆ, ಸೂಜಿಯ ನಿರೀಕ್ಷೆ ಕಡಿಮೆ. ನಮ್ಮ ಊರುಗಳಲ್ಲಿ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೋವೈದ್ಯರ ಕೋಣೆಯ ಮುಂದಿನ ಬೆಂಚಿನ ಮೇಲೆ ಊರಿನ ಪರಿಚಯದವರು ಕಂಡರೆ? ಮದುವೆಗೆ ಬಂದ ಮಗಳಿರುವ ಮನೆಗೆ ಆ ಬೆಂಚು ಹದಿನಾಲ್ಕು ಕಿಲೋಮೀಟರಿಗಿಂತ ಬಲು ದೂರ.

ದಾವಣಗೆರೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸುಮಾರು 260 ಕಿಲೋಮೀಟರು. ಹಿಂದೆ ಎಷ್ಟೋ ಮನೆಯವರು ರಾತ್ರಿ ರೈಲು ಹತ್ತಿ, ಇಡೀ ದಿನ ಕಾದು, ಮರುರಾತ್ರಿ ಮರಳುತ್ತಿದ್ದರು. ಸ್ಥಿಮಿತಕ್ಕೆ ಬಂದ ರೋಗಿಗಳನ್ನು ವಿಡಿಯೊದಲ್ಲಿ ನೋಡಿ ಚಿಕಿತ್ಸೆ ಮುಂದುವರಿಸುವ ಪದ್ಧತಿ ನಿಮ್ಹಾನ್ಸ್‌ನಲ್ಲಿ ಕೋವಿಡ್ಡಿಗೆ ಮೊದಲೇ ಇತ್ತು. ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ತಂದು ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸತೊಡಗಿತು. ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ತೀವ್ರ ಮಾನಸಿಕ ಕಾಯಿಲೆಯವರ ಜೊತೆ ಊರಲ್ಲೇ ಕೆಲಸ ಮಾಡಿದಾಗ ಕುಟುಂಬಗಳು ಕೈಯಿಂದ ಹಾಕುವ ಖರ್ಚಿನ ಲೆಕ್ಕವನ್ನೂ ಇಟ್ಟಿತು. ಖರ್ಚು ಇಳಿದಿತ್ತು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ.

ಬಿಟ್ಟುಹೋಗುವವರ ಕಾರಣಗಳು ಸಣ್ಣವು. ಒಟಿಪಿ ಬರುವುದು ಮಗನ ಫೋನಿಗೆ, ಮಗ ಕೆಲಸಕ್ಕೆ ಹೋಗಿದ್ದಾನೆ. ವಿಡಿಯೊ ನಡುವೆ ನಿಂತಿತು. ಕಿವಿ ಮಂದ. ಮೆಡಿಕಲ್ ಶಾಪಿನವರು "ಮೊಬೈಲಿನ ಚೀಟಿ ನಡಿಯಲ್ಲ" ಎಂದರು. (ನಡೆಯುತ್ತದೆ. ಡಾಕ್ಟರ ಸಹಿ ಇರುವ ಚೀಟಿಯ ಫೋಟೊ, ಸ್ಕ್ಯಾನ್ ಪ್ರತಿಗಳನ್ನು ನಿಯಮಾವಳಿ ಒಪ್ಪುತ್ತದೆ.) ಇವುಗಳಲ್ಲಿ ಯಾವುದೂ ವೈದ್ಯಶಾಸ್ತ್ರದ ಸಮಸ್ಯೆಯಲ್ಲ, ಆದರೆ ಮೂರು ಸಲ ಹೀಗಾದರೆ ನಾಲ್ಕನೆಯ ಸಲ ಯಾರೂ ಬರುವುದಿಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವವರು ಬಿಡುವವರಲ್ಲ, ಬಿಡಲೇಬಾರದೆಂದು ಅಂಟಿಕೊಂಡವರು. ಫೋನಿನಲ್ಲಿ ಎಲ್ಲ ಸಲೀಸಾಗಿ ನಡೆದಾಗ ನೇರ ತಪಾಸಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಅಡಿಗೆ ಎಷ್ಟೋ ಸಲ ಸ್ಪರ್ಶ ಇರುವುದಿಲ್ಲ, ನೋವಾಗದ ಗಾಯವನ್ನು ರೋಗಿ ಹೇಳುವುದೂ ಇಲ್ಲ, ಕ್ಯಾಮೆರಾ ನೋಡುವುದು ಮುಖವನ್ನು. ಕಣ್ಣಿನ ಪರದೆಯ ಹಾನಿ ದೃಷ್ಟಿ ಹೋಗುವವರೆಗೂ ಸದ್ದು ಮಾಡುವುದಿಲ್ಲ. ಮೂತ್ರಪಿಂಡದ ಸ್ಥಿತಿ ರಕ್ತ, ಮೂತ್ರದ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ನಿಯಮಾವಳಿ ಬರೆದವರಿಗೆ ಇದರ ಅರಿವಿತ್ತು. ಅದೇ ಡಾಕ್ಟರು ಅದೇ ಕಾಯಿಲೆಗೆ ನೇರವಾಗಿ ನೋಡಿ ಆರು ತಿಂಗಳಾಗಿರದಿದ್ದರೆ ಮಾತ್ರ ಅದನ್ನು ಮುಂದುವರಿದ ಸಮಾಲೋಚನೆ ಎನ್ನಬಹುದು. ಆರು ತಿಂಗಳು ದಾಟಿದರೆ ಮತ್ತೆ ಮೊದಲ ಸಲದ ಲೆಕ್ಕವೇ, ಆಗ ಫೋನಿನಲ್ಲಿ ಬರೆಯಬಹುದಾದ ಔಷಧಗಳೂ ಕಡಿಮೆ. ಮಾದಕ ಪದಾರ್ಥಗಳ ಕಾಯ್ದೆಯಡಿ ಬರುವ ಔಷಧಗಳಂತೂ ನಿಷಿದ್ಧ ಪಟ್ಟಿಯಲ್ಲೇ ಇವೆ. ಈ ಆರು ತಿಂಗಳ ಗೆರೆ ಕಿರಿಕಿರಿ ಅನ್ನಿಸಬಹುದು. ನನ್ನ ಮಟ್ಟಿಗೆ ಇಡೀ ನಿಯಮಾವಳಿಯಲ್ಲಿ ಅತಿ ವಿವೇಕದ ಮಾತು ಅದೇ. ನೇರ ಭೇಟಿಯಲ್ಲಿ ಬೆಳೆದ ಗುರುತು ಫೋನನ್ನು ಆರು ತಿಂಗಳು ನಡೆಸುತ್ತದೆ. ಆಮೇಲೆ ಅದನ್ನು ಹೊಸದಾಗಿ ಮಾಡಿಕೊಳ್ಳಬೇಕು.

ಆರೋಗ್ಯ ಇಲಾಖೆ ಎರಡು ಕೆಲಸ ಮಾಡಿದರೆ ಬಹಳ ಜನ ಉಳಿಯುತ್ತಾರೆ. ಟೋಕನ್ ತೆಗೆದುಕೊಳ್ಳುವ ರೋಗಿಗೆ ಹೋದ ತಿಂಗಳ ಡಾಕ್ಟರೇ ಸಿಗುವಂತೆ ನೋಡಿಕೊಳ್ಳುವುದು, ಅವರು ಬರೆದ ಗುಳಿಗೆ ಅದೇ ಕೇಂದ್ರದ ಕಪಾಟಿನಲ್ಲಿ ಇರುವಂತೆ ನೋಡಿಕೊಳ್ಳುವುದು. ಹೊಸ ಆ್ಯಪ್ ಇದಕ್ಕೆ ಬೇಕಿಲ್ಲ.

ಓದುಗರಲ್ಲೂ ಒಂದು ಮಾತು. ಮುಂದಿನ ಸಲ ಬಿಪಿ, ಶುಗರ್ ಚೀಟಿ ಹಿಡಿದು ಹೋದಾಗ "ಮುಂದಿನ ತಿಂಗಳು ಫೋನಿನಲ್ಲೇ ತೋರಿಸಬಹುದೇ, ಏನಾದರೆ ಓಡಿಬರಬೇಕು?" ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಮನೆಯಲ್ಲಿ ಫೋನಿನಲ್ಲೇ ಗುಳಿಗೆ ಬರೆಸಿಕೊಳ್ಳುತ್ತಿರುವ ಹಿರಿಯರಿದ್ದರೆ, ಕೊನೆಯ ಸಲ ಡಾಕ್ಟರು ಅವರನ್ನು ಮುಟ್ಟಿ ನೋಡಿದ್ದು ಯಾವತ್ತು ಎಂದು ಹಳೆಯ ಚೀಟಿಯಲ್ಲಿ ಹುಡುಕಿ. ಆರು ತಿಂಗಳು ದಾಟಿದ್ದರೆ ಈ ವಾರವೇ ಬಸ್ಸು ಹತ್ತಿಸಿ.